ದಾರಿ ಹೇಳುವ ಡಬ್ಬಿ, ಹದಿನಾರು ಹೊತ್ತಿನ ರೊಟ್ಟಿ

"ಅಮ್ಮಾ, ಕೋಟೆಗುಡ್ಡಕ್ಕೆ ದಾರಿ ಯಾವುದು?" ಎಂದು ನಾನು ತೆಲುಗಿನಲ್ಲಿ ಕೇಳುವ ಹೊತ್ತಿಗೆ ನಮ್ಮ ಜೀಪಿನ ಮುಂದಿನ ಎರಡು ಗಾಲಿ ಕೆರೆಯ ನೀರಿನಲ್ಲಿದ್ದವು, ಹಿಂದಿನ ಎರಡು ಯಾರದೋ ಶೇಂಗಾ ಹೊಲದಲ್ಲಿದ್ದವು. ಬೇವಿನ ಮರದ ಕೆಳಗೆ ಬುಟ್ಟಿಯಲ್ಲಿ ಸೀತಾಫಲ ಜೋಡಿಸುತ್ತ ಕೂತಿದ್ದ ಮುದುಕಿ ಮೊದಲು ಜೀಪನ್ನು ನೋಡಿದಳು. ಆಮೇಲೆ ಡ್ರೈವರ್ ಪಕ್ಕದಲ್ಲಿದ್ದ ಹುಡುಗನ ಕೈಯಲ್ಲಿ ಕುಂಯ್ ಕುಂಯ್ ಅನ್ನುತ್ತಿದ್ದ ಯಂತ್ರವನ್ನು ನೋಡಿದಳು.

"ಆ ಡಬ್ಬಿ ಏನು ಹೇಳುತ್ತದೆ?"

"ನೇರ ಹೋಗಿ ಅನ್ನುತ್ತದೆ."

"ಅದಕ್ಕೆ ಈಜು ಬರುತ್ತದಾ?"

ಹೈದರಾಬಾದಿಗೆ ಸಾಫ್ಟ್‌ವೇರ್ ಬಂದು, ಸಾಫ್ಟ್‌ವೇರಿನವರಿಗೆ ಶನಿವಾರ ರಜ ಬಂದು, ಆ ರಜಕ್ಕೆ ಸಾಹಸದ ಹುಚ್ಚು ಹಿಡಿದ ಮೇಲೆ ನನ್ನ ಬಾಳಿನಲ್ಲಿ ಇಂಥವಕ್ಕೆ ಬರವಿಲ್ಲ. ನಾನು ಸರ್ಕಾರಿ ಕಾರ್ಖಾನೆಯೊಂದರ ಸರ್ವಿಸ್ ವಿಭಾಗದಲ್ಲಿದ್ದವಳು. ವೈರ್‌ಲೆಸ್ ಸೆಟ್ಟು ಕೆಟ್ಟಲ್ಲೆಲ್ಲ ನಾನು ಹೋಗಬೇಕು. ಲಡಾಖಿಗೆ ಹೋದೆ, ಅಂಡಮಾನಿಗೆ ಹೋದೆ, ಕಛ್‌ನ ಉಪ್ಪಿನ ಬಯಲಿಗೂ ಹೋದೆ. ಎಲ್ಲ ಕಡೆಗೂ ಒಂದು ಕೈಚೀಲ, ಒಂದು ಬಾಯಿ, ಇಷ್ಟರಲ್ಲೇ ಹೋಗಿ ಬಂದೆ. ಕೆಲಸ ಬಿಟ್ಟು ಕುಷಾಯಿಗೂಡದಲ್ಲಿ ಮನೆ ಮಾಡಿದ ಮೇಲೂ ಕಾಲು ನಿಂತಲ್ಲಿ ನಿಲ್ಲಲಿಲ್ಲ. ಹಾಗಾಗಿ ಬೆಂಗಳೂರಿನಿಂದ ಬಂದು ಇಲ್ಲಿ ನೌಕರಿಗೆ ಸೇರಿದ್ದ ನನ್ನ ಅಣ್ಣನ ಮಗಳು, "ಅತ್ತೆ, ನಮ್ಮ ಟೀಮ್ ಟ್ರೆಕ್ಕಿಂಗ್ ಹೋಗ್ತಿದೆ, ಬರ್ತೀರಾ?" ಅಂದಾಗ ಚಪ್ಪಲಿ ಹುಡುಕಿದೆನೇ ಹೊರತು ಬುದ್ಧಿ ಉಪಯೋಗಿಸಲಿಲ್ಲ.

೧. ಮನುಷ್ಯರ ಹೆಜ್ಜೆ ಬೀಳದ ಜಾಗ

ಡಬ್ಬಿ ಹಿಡಿದಿದ್ದವನು ಅವರ ಟೀಮ್ ಲೀಡ್. ತಲೆಗೆ ಕುತ್ತಿಗೆಯವರೆಗೆ ಇಳಿಬಿದ್ದ ಟೊಪ್ಪಿಗೆ, ಸೊಂಟಕ್ಕೆ ಹಗ್ಗದ ಸುರುಳಿ, ತೊಡೆಯ ಜೇಬಿನಲ್ಲಿ ಹನ್ನೆರಡು ಅಲಗಿನ ಚಾಕು. ಉತ್ತರ ಧ್ರುವಕ್ಕೆ ಹೊರಟವನು ದಾರಿಯಲ್ಲಿ ಇಡ್ಲಿ ತಿನ್ನಲು ಇಳಿದ ಹಾಗಿದ್ದ. ಆ ಡಬ್ಬಿ ಅವನಿಗೆ ಅಮೆರಿಕದಿಂದ ಬಂದದ್ದು. ಆಕಾಶದ ಉಪಗ್ರಹಗಳನ್ನು ಕೇಳಿ ಗುರಿಯ ಕಡೆಗೆ ಒಂದು ಬಾಣ ತೋರಿಸುತ್ತದೆ. ಬರೀ ಬಾಣ. ನಡುವೆ ಕೆರೆ ಇದೆಯೋ ಬಾವಿ ಇದೆಯೋ ಅದಕ್ಕೆ ಬೇಕಿಲ್ಲ.

"ಮೇಡಮ್, ಆ ಗುಡ್ಡದ ಬಗ್ಗೆ ಇಂಟರ್ನೆಟ್‌ನಲ್ಲಿ ಒಂದು ಸಾಲೂ ಇಲ್ಲ. ಅಲ್ಲಿಗೆ ಯಾರೂ ಹೋಗಿಲ್ಲ, ನಾವೇ ಫಸ್ಟ್," ಅಂದ.

ಇಂಟರ್ನೆಟ್‌ನಲ್ಲಿ ಬರೆಯದವರು ಯಾರೂ ಎಲ್ಲಿಗೂ ಹೋಗಿಲ್ಲ ಎಂದು ಇವರ ನಂಬಿಕೆ. ನಾನು ಇಪ್ಪತ್ತೆಂಟು ವರ್ಷ ತಿರುಗಿದ್ದೂ ಹಾಗಾದರೆ ಸುಳ್ಳೇ.

ಮುದುಕಿ ದಾರಿ ಹೇಳಿದಳು: ಹಿಂದಕ್ಕೆ ಹೋಗಿ, ಹುಣಸೆಮರದ ಹತ್ತಿರ ಎಡಕ್ಕೆ ತಿರುಗಿ, ಗುಡ್ಡದ ಬುಡದವರೆಗೆ ಡಾಂಬರು ರಸ್ತೆ. ಟೀಮ್ ಲೀಡ್‌ಗೆ ಡಾಂಬರು ಎಂಬ ಶಬ್ದ ಕೇಳಿಯೇ ಮುಖ ಬಾಡಿತು. ಜೀಪನ್ನು ಕೆರೆಯಿಂದ ಎಳೆಯಲು ಒಂದು ಗಂಟೆ ಹಿಡಿಯಿತು. ಆ ಹಗ್ಗ ಕೆಲಸಕ್ಕೆ ಬಂದದ್ದು ಅಲ್ಲೊಂದೇ ಕಡೆ.

ಗುಡ್ಡ ಹತ್ತಿ ಅವರು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ಫೋಟೋ ತೆಗೆಸಿಕೊಂಡರು. ಸೋಮವಾರ ಅದನ್ನು ಇಡೀ ಆಫೀಸಿಗೆ ಕಳಿಸಿದರು. ಕೆಳಗೆ, "ಮನುಷ್ಯರ ಹೆಜ್ಜೆ ಬೀಳದ ಜಾಗದಲ್ಲಿ ನಾವು" ಎಂದು ಬರೆದಿತ್ತು. ನನಗೂ ಒಂದು ಪ್ರತಿ ಬಂತು. ಫೋಟೋದ ಹಿಂಭಾಗದಲ್ಲಿ, ಟೀಮ್ ಲೀಡ್‌ನ ಟೊಪ್ಪಿಗೆಯ ಪಕ್ಕ, ನಮಗಿಂತ ಮುಂಚೆ ಬಂದು ತಲುಪಿದ್ದ ಆ ಮುದುಕಿ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಒಡೆದ ಸೀತಾಫಲ ಹಿಡಿದು, "ತಿಂದು ನೋಡಿ" ಎನ್ನುತ್ತ ನಿಂತಿದ್ದಳು.

೨. ಭಾಜಿ ಗಾಡಿಯ ಸಾಕ್ಷಿ

ಈ ಕಥೆಯನ್ನು ಮಾರನೆಯ ದಿನ ನಮ್ಮ ಗಲ್ಲಿಗೆ ತರಕಾರಿ ತರುವ ಭಾಜಿ ಗಾಡಿಯ ಮುಂದೆ ಹೇಳಿದೆ. ನಮ್ಮ ಗಲ್ಲಿಯಲ್ಲಿ ಅರ್ಧಕ್ಕರ್ಧ ಕರ್ನಾಟಕದ ಕಡೆಯ ಮನೆಗಳೇ. ಎಲ್ಲರೂ ನಕ್ಕರು. ಪಕ್ಕದ ಮನೆಯ ವೈನಿ, ಅಂದರೆ ಗಲ್ಲಿಗೆಲ್ಲ ಅತ್ತಿಗೆ, ಮಾತ್ರ ನಗಲಿಲ್ಲ. ಅವರು ಬಾಗಲಕೋಟೆ ಕಡೆಯವರು. ಮದುವೆಯಾಗಿ ಬಂದು ಮೂವತ್ತು ವರ್ಷವಾದರೂ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಗಲ್ಲಿಯ ತುದಿಯ ಹಿಟ್ಟಿನ ಗಿರಣಿ ದಾಟಿ ಒಬ್ಬರೇ ಹೋದವರಲ್ಲ.

"ಅಂಥಾ ಡಬ್ಬಿ ಇದ್ರ ನನ್ನಂಥಾಕಿನೂ ಎಲ್ಲಿಗರೆ ಹೋಗಬಹುದೇನ?"

"ಎಲ್ಲಿಗೆ ಹೋಗಬೇಕ್ರಿ ವೈನಿ?"

"ಮತ್ತೆಲ್ಲಿಗೆ, ಅಕ್ಕನ ಮನಿಗೆ."

ವೈನಿಯ ಅಕ್ಕ ನಾರಾಯಣಗೂಡದಲ್ಲಿದ್ದಾರೆ. ಎರಡು ಬಸ್ಸಿನ ದಾರಿ. ಅಕ್ಕನಿಗೆ ಮೊಣಕಾಲು ಹಿಡಿದು ಮಂಚ ಬಿಟ್ಟು ಏಳುವಂತಿಲ್ಲ. ವೈನಿಯ ಯಜಮಾನರು, ನಾವೆಲ್ಲ ರಾಯರು ಅನ್ನುತ್ತೇವೆ, ವರ್ಷಕ್ಕೆ ಎರಡು ಸಲ ಕರೆದೊಯ್ಯುತ್ತಾರೆ.

"ಕರಕೊಂಡು ಹೋಗತಾರ, ಇಲ್ಲ ಅನ್ನಂಗಿಲ್ಲ. ಚಾ ಆರೂದ್ರಾಗ 'ಏಳು, ಹೊತ್ತಾತು' ಅಂತಾರ. ಅಕ್ಕನ ಮಾತು ಬಾಯಾಗ ಇರತಾವ, ನಾ ಬಾಗಲ್ದಾಗ ಇರತೀನಿ."

"ನಾ ಕರಕೊಂಡು ಹೋಗತೀನಿ ನಡೀರಿ, ನಾಳೆನ."

"ನೀ ಕರಕೊಂಡು ಹೋದ್ರ ನೀ ಹೋದಂಗಾತು. ಒಂದ್ಸಲ ಬಾಗಲ್ದಾಗ ನಿಂತು, 'ಅಕ್ಕಾ, ನಾ ಬಂದೆ' ಅನ್ನಬೇಕವಾ. 'ಕರಕೊಂಡು ಬಂದ್ರು' ಅಂದು ಅಂದು ಮೂವತ್ತು ವರ್ಷ ಆತು."

ನಾನು ಆಗ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಪ್ರಪಂಚ ತಿರುಗಿದವರಿಗೆ ಒಂದು ಕೊಬ್ಬು ಇರುತ್ತದೆ. "ದಾರಿ ಕೇಳಾಕ ಡಬ್ಬಿ ಯಾಕ್ರಿ? ಬಾಯಿ ಇದ್ರ ಸಾಕು," ಅಂದೆ.

"ನಿನಗ ಬಾಯಿ ಐತಿ. ನನಗ ಬರೇ ಕನ್ನಡ ಐತಿ," ಅಂದರು ವೈನಿ.

ಸುತ್ತ ನಿಂತವರು ನಕ್ಕದ್ದು ಈ ಸಲ ನನ್ನನ್ನು ನೋಡಿ. ಅದು ಚುಚ್ಚಿತು. "ಆತು, ಪಂಥ ಕಟ್ರಿ. ಬರೂ ವರ್ಷದ ದೀಪಾವಳಿ ಒಳಗ ನೀವು ಒಬ್ಬರ ಅಕ್ಕನ ಮನಿಗೆ ಹೋಗಿ ಅವತ್ತ ತಿರುಗಿ ಬಂದ್ರ, ಎಂಟು ದಿನ ನಾ ಈ ಗಲ್ಲಿ ದಾಟಂಗಿಲ್ಲ. ಎರಡೂ ಹೊತ್ತು ನಿಮ್ಮ ರಾಯರಿಗೆ ರೊಟ್ಟಿ ಬಡದು ಹಾಕತೀನಿ."

ನಾನು ಗಲ್ಲಿಯಲ್ಲಿ ಎಂಟು ದಿನ ಇದ್ದದ್ದನ್ನು ಯಾರೂ ಕಂಡವರಿಲ್ಲ. ನಾನು ರೊಟ್ಟಿ ಬಡಿದದ್ದನ್ನಂತೂ ಯಾರೂ ಕೇಳಿಯೂ ಇಲ್ಲ.

"ಆಗಲಿಲ್ಲಂದ್ರ?" ಎಂದು ಯಾರೋ ಕೇಳಿದರು.

ವೈನಿ ಒಂದು ಬದನೆಕಾಯಿ ಒತ್ತಿ ನೋಡಿದರು. "ಆಗಲಿಲ್ಲಂದ್ರ ಇನ್ನ ಅಕ್ಕನ ಮನಿ ಮಾತು ತೆಗಿಯಂಗಿಲ್ಲ. ಇಷ್ಟ ನನ್ನ ಹಣೇಬಾರ ಅಂತ ತಿಳಕೋತೀನಿ."

ಗಾಡಿಯವನಿಗೆ ಕನ್ನಡ ಬಾರದು. ಆದರೂ ಅವನು ತಕ್ಕಡಿ ಕೆಳಗಿಟ್ಟು ಕೈ ಕಟ್ಟಿ ನಿಂತಿದ್ದ. ಸಾಕ್ಷಿ ಎಂದರೆ ಹಾಗಿರಬೇಕು.

೩. ಆಕಾಶದಿಂದ ಕಂಡದ್ದು

ಮುಂದೆ ಕೆಲವು ತಿಂಗಳಿಗೆ ನನ್ನ ಅಣ್ಣನ ಮಗಳು ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಳು. ಆಕಾಶದಿಂದ ತೆಗೆದ ಭೂಮಿಯ ಚಿತ್ರ ಈಗ ಯಾರು ಬೇಕಾದರೂ ನೋಡಬಹುದಂತೆ. "ಅತ್ತೆ, ಇಡೀ ಪ್ರಪಂಚ ನಮ್ಮ ಬೆರಳ ತುದೀಲಿದೆ! ಆಫೀಸ್‌ನಲ್ಲಿ ಎರಡು ದಿನದಿಂದ ಯಾರೂ ಕೆಲಸಾನೇ ಮಾಡಿಲ್ಲ."

"ಏನೇನು ನೋಡಿದಿರಿ? ಸಹಾರಾ? ಅಮೆಜಾನ್?"

"ಇಲ್ಲ... ಎಲ್ಲರೂ ಅವರವರ ಮನೆ ನೋಡ್ಕೊಂಡ್ವಿ. ನಮ್ಮನೆ ನೀರಿನ ಟ್ಯಾಂಕ್ ಎಷ್ಟು ಕ್ಲಿಯರ್ ಆಗಿ ಕಾಣುತ್ತೆ ಗೊತ್ತಾ?"

ಭೂಮಂಡಲವನ್ನೇ ಅಂಗೈಯಲ್ಲಿಟ್ಟರೆ ಮಧ್ಯಮವರ್ಗದವನು ತನ್ನ ಟ್ಯಾಂಕಿಗೆ ಮುಚ್ಚಳ ಇದೆಯೇ ಎಂದು ನೋಡುತ್ತಾನೆ. ಟೀಮ್ ಲೀಡ್ ಅಂತೂ ತನ್ನ ಪಾರ್ಕಿಂಗ್ ಜಾಗದಲ್ಲಿ ಬೇರೆಯವರ ಕಾರು ನಿಂತದ್ದನ್ನು ಅಂತರಿಕ್ಷದಿಂದ ಪತ್ತೆಹಚ್ಚಿ ಸೊಸೈಟಿಗೆ ದೂರು ಕೊಟ್ಟನಂತೆ.

ವೈನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಅಕ್ಕನ ಮನಿ ತೋರಸತೈತೇನ?"

ಹುಡುಗಿ ಹುಡುಕಿದಳು. ನಾರಾಯಣಗೂಡ, ಕಾಲೇಜು, ಓಣಿ, ಮಾಳಿಗೆ. ಮಾಳಿಗೆಯ ಮೂಲೆಯಲ್ಲಿ ಉಗುರಿನಷ್ಟು ಕೆಂಪು.

"ಅಕ್ಕ ಮೆಣಸಿನಕಾಯಿ ಒಣಹಾಕಿಸ್ಯಾಳ!" ವೈನಿಯ ಮುಖ ಅರಳಿತು. "ನೋಡ, ಆಕಿ ಕೆಂಪು ಸೀರಿ ಮ್ಯಾಲ ಹಾಕಸ್ತಾಳ."

"ಆಂಟಿ, ಇದು ಈಗಿಂದಲ್ಲ. ಎರಡು ವರ್ಷ ಹಳೇ ಚಿತ್ರ."

ವೈನಿ ಗಾಬರಿಯಿಂದ ಇನ್ನಷ್ಟು ಬಗ್ಗಿ ನೋಡಿದರು. "ಹಂಗಾರ ಇನ್ನೂ ತಗಸಿಲ್ಲೇನ ಆಕಿ? ಮಳಿ ಬಂದ್ರ ಏನ ಗತಿ?"

೪. ಮನೆಗೆ ಮೂರು ಸಲ

ರಾಯರು ಇಡೀ ನೌಕರಿಯನ್ನು ಕಾರ್ಖಾನೆಯ ಬಸ್ಸಿನ ಎಡಗಡೆಯ ನಾಲ್ಕನೆಯ ಸೀಟಿನಲ್ಲಿ ಕಳೆದವರು. ನಿವೃತ್ತಿಯ ಮೇಲೆ ಕಾರು ಕಲಿತರು. ಕಾರಿಗೆ ದಾರಿ ತೋರಿಸುವ ಯಂತ್ರವನ್ನೂ ತಂದರು. ಇದು ಬರೀ ಬಾಣವಲ್ಲ. ಅಂಗೈಯಗಲದ ಗಾಜು, ಅದರಲ್ಲಿ ನಕಾಶೆ, ಮುಟ್ಟಿದರೆ ಕೇಳುತ್ತದೆ, ಹೆಂಗಸಿನ ದನಿಯಲ್ಲಿ ಇಂಗ್ಲಿಷಿನಲ್ಲಿ ಮಾತಾಡುತ್ತದೆ.

"ಇನ್ನ ನಾ ಯಾರಿಗೂ ದಾರಿ ಕೇಳೂದಿಲ್ಲ ನೋಡ್ರಿ," ಎಂದು ನನ್ನ ಮುಂದೆ ಎದೆಯುಬ್ಬಿಸಿದರು.

"ಮೊದಲ ಎಲ್ಲಿ ಕೇಳತಿದ್ರಿ ರಾಯರ? ಎಲ್ಲಿಗೂ ಹೋಗತಿದ್ದಿಲ್ಲಲ್ಲ."

ದಸರಾ ಬಂತು. ಖಂಡೇನವಮಿಗೆ ರಾಯರು ಕಾರನ್ನು ತೊಳೆದು, ಯಂತ್ರವನ್ನೂ ಆಯುಧವೆಂದು ಪೂಜೆ ಮಾಡಿದರು. ಗಾಜಿನ ಮೇಲೆ ಗಂಧ, ಗಂಧದ ಮೇಲೆ ಕುಂಕುಮ, ಅದರ ಮೇಲೆ ಅಕ್ಷತೆ. ಬೇಗಂಪೇಟೆಯಿಂದ ಸಿಕಂದರಾಬಾದಿನವರೆಗೆ ಇಡೀ ನಕಾಶೆ ಕುಂಕುಮದಡಿ ಮುಳುಗಿತು. ಒರೆಸಿ ಎಂದರೆ, "ಪೂಜಿ ಮಾಡಿದ್ದು ಬನ್ನಿ ಮುಡಿಯೂ ತನಕ ಒರಸಬಾರದ್ರಿ," ಅಂದರು.

ಮರುದಿನ ವಿಜಯದಶಮಿ. ಅಕ್ಕನ ಮನೆಗೆ ಬನ್ನಿ ಕೊಡಲು ಹೊರಟರು. ಇಡೀ ಮಧ್ಯಾಹ್ನ ಅಲ್ಲೇ ಇರೋಣ ಎಂದು ರಾಯರು ಮಾತು ಕೊಟ್ಟಿದ್ದರಂತೆ. ವೈನಿ ಇಳಕಲ್ ಸೀರೆ ಉಟ್ಟು, ಸ್ಟೀಲ್ ಡಬ್ಬಿಯಲ್ಲಿ ಅಕ್ಕನಿಗೆ ಗೋದಿ-ಬೆಲ್ಲದ ಮಾದಲಿ ತುಂಬಿಕೊಂಡು, ಕಾರು ಹತ್ತಿದರು. ಪಂಥದ ಲೆಕ್ಕಕ್ಕೆ ಇದು ಬರದು, ರಾಯರು ಕರೆದೊಯ್ಯುತ್ತಿದ್ದಾರೆ. ಆದರೂ ವೈನಿಯ ಮುಖ ನೋಡಿ ನಾನೇ ಕೈ ಬೀಸಿದೆ.

ಅರ್ಧ ಗಂಟೆಗೆ ಕಾರು ತಿರುಗಿ ಬಂತು. ಏನೋ ಮರೆತಿರಬೇಕು ಅಂದುಕೊಂಡೆ. ಬಾಗಿಲವರೆಗೆ ಬಂದು ಮತ್ತೆ ಹೋಯಿತು. ಮುಕ್ಕಾಲು ಗಂಟೆಗೆ ಮತ್ತೆ ಬಂತು. ಹೋಯಿತು. ಮೂರನೆಯ ಸಲ ಬಂದಾಗ ವೈನಿ ಇಳಿದು, ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಬಾಗಿಲು ದಡಾರನೆ ಹಾಕಿದರು.

ಯಂತ್ರ ಬಿಚ್ಚಿ ನೋಡಿದವಳು ನಾನೇ, ಹಳೆಯ ಕಸುಬು. ಒಂದು ಅಕ್ಷತೆಯ ಕಾಳು ಗಾಜಿನ ಅಂಚಿನ ಸಂದಿಗೆ ಸೇರಿ, ಗಂಧದಲ್ಲಿ ಒಣಗಿ, ಮೂಲೆಯ 'ಮನೆ' ಎಂಬ ಗುರುತನ್ನು ಒತ್ತಿ ಕೂತಿತ್ತು. ರಾಯರು ನಾರಾಯಣಗೂಡ ಎಂದು ಬರೆದುಕೊಟ್ಟು ಹೊರಟರೆ ರಸ್ತೆಯಲ್ಲಿ ಗಾಡಿ ಕುಲುಕಿದೊಡನೆ ಅಕ್ಷತೆ ಮನೆಯನ್ನು ಒತ್ತುತ್ತದೆ, ಆ ಹೆಂಗಸು ಹಿಂತಿರುಗಿ ಅನ್ನುತ್ತಾಳೆ, ರಾಯರು ಹಿಂತಿರುಗುತ್ತಾರೆ.

"ನಿಮಗ ಅಕ್ಕನ ಮನಿ ದಾರಿ ಗೊತ್ತೈತೆಲ್ರಿ ರಾಯರ? ಮೂವತ್ತು ವರ್ಷ ಹೋಗೀರಿ."

"ಗೊತ್ತೈತ್ರಿ. ಆದ್ರ ಎಲ್ಲಾ ಕಡೆ ಫ್ಲೈಓವರ್ ಅಂತ ಅಗದಾರ. ಯಂತ್ರಕ್ಕ ನಮಗಿಂತ ಹೆಚ್ಚು ಗೊತ್ತಿರತೈತಿ ಅಂತ..."

ಒಳಗಿನಿಂದ ವೈನಿಯ ದನಿ ಬಂತು: "ಮೂವತ್ತು ವರ್ಷ ನಾ 'ಬಲಕ್ಕ ಹೊಳ್ರಿ' ಅಂದ್ರ ಕೇಳಲಿಲ್ಲ. ಆ ಹೆಂಗಸು ಒಂದ ಸಲ ಅಂದ್ರ ಕೇಳತಾರ!"

೫. ಎರಡನೆಯ ಗುಂಡಿ

ದೀಪಾವಳಿಗೆ ಎರಡು ವಾರ ಇತ್ತು. ನಾನಾಗಲೇ ಒಡಿಶಾಕ್ಕೆ ರೈಲಿನ ಟಿಕೇಟು ತೆಗೆಸಿದ್ದೆ. ಗೆದ್ದವರಿಗೆ ತಾಳ್ಮೆ ಇರುವುದಿಲ್ಲ.

ಅಷ್ಟರಲ್ಲಿ ಅಣ್ಣನ ಮಗಳು ಹೊಸ ಮೊಬೈಲ್ ಕೊಂಡಳು. ಹಳೆಯದನ್ನು ವೈನಿಗೆ ಕೊಟ್ಟಳು. ಅದರಲ್ಲಿ ನಕಾಶೆ ಇಲ್ಲ, ಬಾಣ ಇಲ್ಲ, ಉಪಗ್ರಹದ ಗಂಧಗಾಳಿ ಇಲ್ಲ. ಹಸಿರು ಗಾಜು, ಸವೆದ ಗುಂಡಿಗಳು. "ಆಂಟಿ, ಎರಡನೇ ಗುಂಡಿ ಒತ್ತಿ ಹಿಡ್ಕೊಂಡ್ರೆ ಅಕ್ಕ ಬರ್ತಾರೆ," ಎಂದು ಕಲಿಸಿದಳು. ಅಕ್ಕನ ಮಂಚದ ಪಕ್ಕದಲ್ಲೇ ಮನೆಯ ಫೋನು. ಇನ್ನು ಮುಂದೆ ಇಬ್ಬರೂ ಕೂತಲ್ಲೇ ಮಾತಾಡಲಿ ಎಂದು ನಾನೂ ಉದಾರಳಾಗಿ ತಲೆಯಾಡಿಸಿದೆ.

ಒಂದು ಬುಧವಾರ ಬೆಳಿಗ್ಗೆ ವೈನಿ ಕಾಣಲಿಲ್ಲ. ರಾಯರು ಪಿಂಚಣಿ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಅವರು ಬಂದು ನೋಡಿದರೆ ಬಾಗಿಲಿಗೆ ಬೀಗ, ಬೀಗದ ಕೈ ನನ್ನ ಮನೆಯ ತುಳಸಿಕಟ್ಟೆಯ ಮೇಲೆ. ರಾಯರು ಯಂತ್ರ ಹಿಡಿದು ಕಾರಿನ ಸುತ್ತ ತಿರುಗಿದರು. ಹೆಂಡತಿ ಎಲ್ಲಿದ್ದಾಳೆ ಎಂದು ಅದಕ್ಕೆ ಕೇಳುವುದು ಹೇಗೆಂದು ಪುಸ್ತಕದಲ್ಲಿ ಬರೆದಿರಲಿಲ್ಲ.

ಸಂಜೆ ಐದಕ್ಕೆ, ಬೆಳಕಿರುವಾಗಲೇ, ಬಸ್ ಸ್ಟಾಪಿನ ಕಡೆಯಿಂದ ಇಳಕಲ್ ಸೀರೆ ನಡೆದು ಬಂತು. ತಲೆಯಲ್ಲಿ ಒಂದು ಮೊಳ ಮಲ್ಲಿಗೆ.

"ಒಬ್ಬಾಕಿನ ಅಕ್ಕನ ಮನಿಗೆ ಹೋಗಿದ್ದೆ," ಅಂದರು ವೈನಿ.

ಭಾಜಿ ಗಾಡಿಯ ಮುಂದೆ ಪಂಚಾಯಿತಿ ಕೂಡಿತು. ನಾನು ಪುರಾವೆ ಕೇಳಿದೆ. ವೈನಿ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಯಾರ ಮನೆಯ ಡಬ್ಬಿಯನ್ನೂ ನಮ್ಮಲ್ಲಿ ಖಾಲಿ ಕಳಿಸುವುದಿಲ್ಲ. ಒಳಗೆ ಅಕ್ಕನ ಅಗಸಿ ಚಟ್ನಿಪುಡಿ. ಅಷ್ಟೇ ಆಗಿದ್ದರೆ ವಾದಿಸಬಹುದಿತ್ತು. ಆದರೆ ಅದು ವೈನಿ ಒಯ್ದ ಡಬ್ಬಿಯಲ್ಲ, ಅಕ್ಕನ ಡಬ್ಬಿ. ತಳದಲ್ಲಿ ಅಕ್ಕನ ಹೆಸರು, ಭಾವನ ಹೆಸರು, ಮದುವೆಯ ತಾರೀಖು, ಚುಕ್ಕಿ ಚುಕ್ಕಿಯಾಗಿ ಕೊರೆದಿತ್ತು. ಗಾಡಿಯವನೂ ಅದನ್ನು ತಿರುಗಿಸಿ ನೋಡಿ ಗಂಭೀರವಾಗಿ ಹಿಂದಿರುಗಿಸಿದ.

"ಭಾಷೆ ಬರಂಗಿಲ್ಲ, ಹೆಂಗ ಹೋದ್ರಿ?"

"ನಾ ಎಲ್ಲಿ ಮಾತಾಡಿದೆ? ಗುಂಡಿ ಒತ್ತೂದು, ಫೋನು ಅವರ ಕೈಯಾಗ ಕೊಡೂದು."

ಅಕ್ಕನಿಗೆ ತೆಲುಗು ಬರುತ್ತದೆ, ಹಿಂದಿ ಬರುತ್ತದೆ, ಮಂಚದ ಮೇಲೆ ಮಲಗಿ ಮಲಗಿ ಮಾತಿನ ಹಸಿವು ಬೇರೆ. ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ವೈನಿ ಫೋನು ಕೊಟ್ಟರು. ಅಕ್ಕ ಇಳಿಸುವ ಜಾಗ ಹೇಳಿ, ಅವನ ಊರು ಕೇಳಿ, ಅವನ ತಾಯಿಯ ಮೊಣಕಾಲೂ ಹಿಡಿದಿದೆ ಎಂದು ತಿಳಿದು, ಯಾವ ಎಣ್ಣೆ ತಿಕ್ಕಬೇಕೆಂದು ವಿವರಿಸುವವರೆಗೆ ಬಸ್ಸು ಸ್ಟಾಪಿನಲ್ಲೇ ನಿಂತಿತ್ತು. ಡ್ರೈವರ್ ಹಾರ್ನ್ ಹೊಡೆದರೆ ಕಂಡಕ್ಟರ್, "ಇರಪ್ಪಾ, ಅಮ್ಮ ಹೇಳುತ್ತಿದ್ದಾರೆ," ಎಂದು ಗದರಿಸಿದನಂತೆ. ಸಿಕಂದರಾಬಾದಿನಲ್ಲಿ ಹೂವಿನವಳ ಕೈಗೆ ಫೋನು ಹೋಯಿತು. ಎರಡನೆಯ ಬಸ್ಸು ಹತ್ತಿಸಿದ ಅವಳು, "ಫೋನಿನಲ್ಲಿರುವ ಅಮ್ಮನಿಗೆ ಒಂದು, ನಿಮಗೊಂದು" ಎಂದು ಎರಡು ಮೊಳ ಮಲ್ಲಿಗೆ ಕೊಟ್ಟಳು. ನಾರಾಯಣಗೂಡದಲ್ಲಿ ಕೋಚಿಂಗ್ ಸೆಂಟರಿನ ಹುಡುಗಿಯೊಬ್ಬಳ ಕೈಗೆ. ಅವಳು ಬೆಳಿಗ್ಗೆ ಏನೂ ತಿಂದಿಲ್ಲ ಎಂಬುದನ್ನು ಅಕ್ಕ ಎರಡು ನಿಮಿಷದಲ್ಲಿ ಪತ್ತೆಹಚ್ಚಿದರು. ದಾರಿ ತೋರಿಸಲು ಬಂದ ಹುಡುಗಿ ಅಕ್ಕನ ಮನೆಯಲ್ಲಿ ವೈನಿ ಒಯ್ದಿದ್ದ ಮಾದಲಿ ಉಂಡು ಹೋದಳು.

"ಬಾಗಲ್ದಾಗ ನಿಂತು ಅನ್ನಬೇಕಂದದ್ದು ಅಂದ್ರೇನ್ರಿ?" ನಾನು ಮೆತ್ತಗೆ ಕೇಳಿದೆ.

"ಅಂದೆ. 'ಅಕ್ಕಾ, ನಾ ಬಂದೆ' ಅಂದೆ." ವೈನಿ ಡಬ್ಬಿಯ ಮುಚ್ಚಳ ಒತ್ತಿದರು. "ಆಕಿಗೆ ಅಳೂ ಬಂತು. ಆಮ್ಯಾಲ 'ಮೊದಲ ಫೋನು ಇಡ, ಬಿಲ್ ಯಾರ ಕಟ್ಟತಾರ' ಅಂದ್ಲು."

ನಾನು ಒಂದು ಕೊನೆಯ ತಕರಾರು ತೆಗೆದೆ: ಅಕ್ಕ ದಾರಿಯುದ್ದಕ್ಕೂ ಕಿವಿಯಲ್ಲಿದ್ದಳು, ಒಬ್ಬರೇ ಹೋದದ್ದು ಹೇಗಾಯಿತು? ಗಲ್ಲಿಯ ಹಿರಿಯಳೊಬ್ಬಳು ತೀರ್ಪು ಕೊಟ್ಟಳು: "ಅಕ್ಕ ಮಂಚದ ಮ್ಯಾಲಿದ್ಲು. ನೀ ಹಿಟ್ಟು ನಾದಾಕ ನಡಿ."

ಅವತ್ತಿನ ರಾತ್ರಿಯಿಂದಲೇ ಲೆಕ್ಕ. ಒಡಿಶಾ ರದ್ದಾಯಿತು. ಲಡಾಖಿನ ಚಳಿಯಲ್ಲಿ ನಡುಗದ ನಾನು ಜೋಳದ ಹಿಟ್ಟಿನ ಮುಂದೆ ನಡುಗಿದೆ. ರಾಯರು ಮೊದಲ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅದರ ತೂತಿನಲ್ಲಿ ಬಲ್ಬು ಕಂಡಿತು. ಮೂರನೆಯ ದಿನದಿಂದ ನೋಡುವುದನ್ನು ಬಿಟ್ಟು ಕಣ್ಣು ಮುಚ್ಚಿ ತಿಂದರು. ನಾನು ಗಲ್ಲಿಯ ತುದಿಯ ಗಿರಣಿಯವರೆಗೆ ಹೋಗಿ, ಗೆರೆಯ ಮೇಲೆ ನಿಂತು, ಹೋಗುವ ಬಸ್ಸುಗಳ ಬೋರ್ಡು ಓದಿ ತಿರುಗಿ ಬರುತ್ತಿದ್ದೆ.

ಇತ್ತ ವೈನಿ ದಿನಾ ಹೊರಡತೊಡಗಿದರು. ಒಂದು ದಿನ ಅಕ್ಕನ ಮನೆ, ಒಂದು ದಿನ ಬೇರೆಲ್ಲೋ. ಮೂರನೆಯ ಗುಂಡಿಗೆ ನನ್ನ ನಂಬರು ಹಾಕಿಸಿಕೊಂಡಿದ್ದರು.

ಒಂಬತ್ತನೆಯ ದಿನ ಮಧ್ಯಾಹ್ನ, ಹದಿನಾರನೆಯ ಹೊತ್ತು. ಕೊನೆಯ ರೊಟ್ಟಿ ಹಂಚಿನ ಮೇಲಿತ್ತು. ಫೋನು ಬಂತು. ಹಿಟ್ಟಿನ ಕೈಯಲ್ಲೇ ಎತ್ತಿದೆ. ಬಸ್ಸಿನ ಸದ್ದು, ಗಂಡಸಿನ ದನಿ: "ಅಮ್ಮಾ, ಈ ಅಮ್ಮಗಾರು ಎಕ್ಕಡ ದಿಗಾಲಿ?" ಈ ಅಮ್ಮ ಎಲ್ಲಿ ಇಳಿಯಬೇಕು ಎಂದು ನನ್ನನ್ನು ಕೇಳುತ್ತಿದ್ದಾನೆ. ದೇಶವೆಲ್ಲ ದಾರಿ ಕೇಳಿ ತಿರುಗಿದವಳಿಗೆ ಒಲೆಯ ಮುಂದೆ ಕೂತು ದಾರಿ ಹೇಳುವ ಕಾಲ ಬಂತು.

"ಅವರ ಕೈಗೆ ಕೊಡು," ಎಂದು ತೆಲುಗಿನಲ್ಲಿ ಅಂದೆ. "ವೈನಿ, ಎಲ್ಲಿಗೆ ಹೊಂಟೀರಿ?"

"ನನಗೇನ ಗೊತ್ತ? ಬಸ್ಸು ಬಂತು, ಹತ್ತಿದೆ. ನೀ ಭಾಳ ತಿರಗೀ ಅಲ್ಲ, ಒಂದು ಚೊಲೊ ಜಾಗಾ ಹೇಳು."

"ಗೋಲ್ಕೊಂಡಾಕ್ಕ ಹೋಗ್ರಿ. ಕ್ವಾಟಿ ಅಗಸಿ ಬಾಗಲ್ದಾಗ ನಿಂತು ಚಪ್ಪಾಳಿ ಹೊಡದ್ರ ಗುಡ್ಡದ ತುದೀತನಕಾ ಕೇಳತೈತಿ."

"ಹೌದೇನ? ಹಂಗಾರ ನಾ ತುದಿಗೆ ಹತ್ತತೀನಿ, ನೀ ಕೆಳಗ ನಿಂತು ಚಪ್ಪಾಳಿ ಹೊಡಿ... ಅಯ್ಯ, ನೀ ಬರಂಗಿಲ್ಲಲ್ಲ!" ಬಸ್ಸಿನಲ್ಲಿ ವೈನಿ ನಕ್ಕ ಸದ್ದಿಗೆ ಪಕ್ಕದವರೂ ನಕ್ಕರು, ಏನೆಂದು ತಿಳಿಯದೆ. "ಫೋನು ಇಡ ಇನ್ನ. ರೊಟ್ಟಿ ಹೊತ್ತಿರಬೇಕು ನೋಡು."

ಹೊತ್ತಿತ್ತು. ಅದನ್ನೇ ಎತ್ತಿ ರಾಯರ ತಟ್ಟೆಗೆ ಹಾಕಿದೆ. ರಾಯರು ಕರಿಯ ಮಗ್ಗುಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

"ನೋಡಬ್ಯಾಡ್ರಿ ರಾಯರ, ಋಣ ತೀರಿತು," ಅಂದೆ. "ಪಂಥ ಕಟ್ಟಿದ್ದು ರೊಟ್ಟಿಗೆ. ಎರಡೂ ಮಗ್ಗಲ ಬೆಂದ ರೊಟ್ಟಿ ಅಂತ ಯಾರೂ ಅಂದಿದ್ದಿಲ್ಲ."